ಕಲ್ಕತ್ತೆಯ ಎರಡು ಕಾಲ್ಚೆಂಡು ಸಂಘಗಳು: ಒಂದು ಸ್ಪರ್ಧೆಯ ಚರಿತ್ರೆ

ನಗರಗಳ ಚರಿತ್ರೆಯನ್ನು ಬರೆಯಹೊರಟವರು ಅವುಗಳ ಕೋಟೆ, ಬಂದರು, ಪೇಟೆ, ಪುರಸಭೆ, ಕಾರ್ಖಾನೆಗಳನ್ನು ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ಆ ನಗರದ ಜನ ಸಂಜೆಯ ಹೊತ್ತು ಎಲ್ಲಿ ಸೇರುತ್ತಿದ್ದರು, ಯಾವ ಮಾತಿಗಾಗಿ ಒಬ್ಬರೊಡನೊಬ್ಬರು ಜಗಳವಾಡುತ್ತಿದ್ದರು ಎಂಬುದನ್ನು ಬರೆಯುವವರು ವಿರಳ. ಆಟವೆಂಬುದು ಬಿಡುವಿನ ವೇಳೆಯ ವಿಷಯ, ಅದು ಚರಿತ್ರಕಾರನ ಗಮನಕ್ಕೆ ತಕ್ಕುದಲ್ಲ ಎಂಬ ಭಾವನೆ ನಮ್ಮ ವಿದ್ಯಾಲಯಗಳಿಂದ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಆದರೆ ಲಕ್ಷಾಂತರ ಜನ ತಾವು ಯಾರು, ಎಲ್ಲಿಯವರು ಎಂಬ ಪ್ರಶ್ನೆಗೆ ಒಂದು ಆಟದ ಸಂಘದ ಹೆಸರನ್ನು ಉತ್ತರವಾಗಿ ಹೇಳುವಂಥ ಪ್ರಸಂಗ ಒದಗಿದಾಗ, ಅದನ್ನು ಕಡೆಗಣಿಸುವುದು ಚರಿತ್ರೆಯ ಅಭ್ಯಾಸಿಗೆ ಸಾಧ್ಯವಿಲ್ಲ. ಕಲ್ಕತ್ತೆಯ ಮೋಹನ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಸಂಘಗಳ ನಡುವಣ ಸ್ಪರ್ಧೆ ಅಂಥದೊಂದು ಪ್ರಸಂಗ. ಅದರ ಹುಟ್ಟು ಬೆಳವಣಿಗೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಬಯಸುತ್ತೇವೆ. ನಗರದ ಹೆಸರು ೨೦೦೧ರಿಂದ ಅಧಿಕೃತವಾಗಿ ಕೋಲ್ಕತ ಎಂದಾಗಿದೆ. ಕನ್ನಡದಲ್ಲಿ ರೂಢಿಯಾಗಿರುವ ಹಳೆಯ ಹೆಸರನ್ನೇ ನಾವು ಉಳಿಸಿಕೊಂಡಿದ್ದೇವೆ.

ಈ ಸ್ಪರ್ಧೆಯನ್ನು ಕುರಿತು ಸಾಮಾನ್ಯವಾಗಿ ಹೇಳುವ ವಿವರಣೆ ಬಹು ಸರಳವಾದುದು. ಬಂಗಾಳಿಗಳಲ್ಲಿ ಎರಡು ಪಂಗಡಗಳುಂಟು. ಗಂಗೆಯ ಪಶ್ಚಿಮ ಭಾಗದ ಮೂಲನಿವಾಸಿಗಳು ‘ಘೋಟಿ’ಗಳು, ಪದ್ಮಾನದಿಯ ಆಚೆಯ ಢಾಕಾ, ಫರೀದಪುರ, ಮೈಮನಸಿಂಗ್, ಬಾರಿಸಾಲ್ ಮುಂತಾದ ಜಿಲ್ಲೆಗಳಿಂದ ಬಂದವರು ‘ಬಾಂಗಾಲ್’ಗಳು. ಘೋಟಿ ಎಂದರೆ ತಂಬಿಗೆ; ಬಾಂಗಾಲ್ ಎಂಬುದಕ್ಕೆ ಕಲ್ಕತ್ತೆಯವರ ಬಾಯಲ್ಲಿ ಹಳ್ಳಿಗಾಡಿನವನು ಎಂಬ ಹಳಿಕೆಯ ಅರ್ಥವಿದ್ದಿತು. ‘ತಿನ್ನುತ್ತೇನೆ’ ಎಂಬುದಕ್ಕೆ ಪಶ್ಚಿಮದವರು ‘ಖಾಬೊ’ ಎಂದರೆ ಪೂರ್ವದವರು ‘ಖಾಮು’ ಎನ್ನುವರು. ಇದು ನಮ್ಮ ಮೈಸೂರು ಧಾರವಾಡಗಳ ಮಾತಿನ ಅಂತರಕ್ಕಿಂತ ಹೆಚ್ಚಿನದೇನಲ್ಲ. ಪಶ್ಚಿಮದವರಿಗೆ ಸಿಗಡಿ ಪ್ರಿಯ, ಪೂರ್ವದವರಿಗೆ ಇಲಿಶ್ ಮೀನು ಪ್ರಿಯ. ಮೊದಲನೆಯವರದು ಹಸುರು ಮತ್ತು ಕಂದುಗೆಂಪು ಬಣ್ಣದ ಅಂಗಿಯ ಮೋಹನ ಬಾಗಾನ್, ಎರಡನೆಯವರದು ಕೆಂಪು ಮತ್ತು ಹೊಂಬಣ್ಣದ ಅಂಗಿಯ ಈಸ್ಟ್ ಬೆಂಗಾಲ್. ಮೋಹನ ಬಾಗಾನ್ ಗೆದ್ದ ಸಂಜೆ ಪೇಟೆಯಲ್ಲಿ ಸಿಗಡಿಯ ಬೆಲೆ ಏರುವುದು, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್‌ನ ಬೆಲೆ ಏರುವುದು ಎಂದು ಕಲ್ಕತ್ತೆಯ ಜನ ಹೇಳಿಕೊಳ್ಳುವುದುಂಟು. ಈ ವಿವರಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇದನ್ನೇ ಆದಿಯಿಂದ ಕಾರಣವೆಂದು ಗ್ರಹಿಸಿದರೆ ಸಂಗತಿಗಳು ಅದಕ್ಕೆ ಒಡಂಬಡುವುದಿಲ್ಲ. ಎರಡು ಜನವರ್ಗಗಳ ಹಗೆತನದಿಂದ ಎರಡು ಸಂಘಗಳು ಹುಟ್ಟಲಿಲ್ಲ; ಮೊದಲು ಸಂಘಗಳು ಹುಟ್ಟಿದುವು, ಅವುಗಳ ಸುತ್ತ ಜನವರ್ಗಗಳು ಆಮೇಲೆ ಬಂದು ನಿಂತುವು ಎಂಬುದು ನಮ್ಮ ಅಭಿಪ್ರಾಯ.

ಮೋಹನ ಬಾಗಾನ್ ಸಂಘ ೧೮೮೯ನೆಯ ಆಗಸ್ಟ್ ೧೫ರಂದು ಉತ್ತರ ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಆ ಭಾಗದ ಮಿತ್ರ, ಬಸು, ಸೇನ್ ಮೊದಲಾದ ಗಣ್ಯ ಮನೆತನದವರು ಇದಕ್ಕೆ ಮೂಲಪುರುಷರು. ಕೀರ್ತಿ ಮಿತ್ರರ ಒಡೆತನದ ‘ಮೋಹನ ಬಾಗಾನ್’ ಎಂಬ ಉದ್ಯಾನಭವನದಿಂದ ಸಂಘಕ್ಕೆ ಹೆಸರು ಬಂದಿತು. ಮೊದಲ ಅಧ್ಯಕ್ಷರಾದ ಭೂಪೇಂದ್ರನಾಥ ಬಸು ಅವರು ೧೯೧೪ರಲ್ಲಿ ಕಾಂಗ್ರೆಸ್ ಮಹಾಸಭೆಯ ಅಧ್ಯಕ್ಷರೂ ಆದರು. ಸಂಘದ ಹುಟ್ಟಿದ ದಿನವೇ ಮುಂದೆ ಐವತ್ತೆಂಟು ವರ್ಷಗಳ ತರುವಾಯ ದೇಶದ ಸ್ವಾತಂತ್ರ್ಯದ ದಿನವಾದುದು ಕೇವಲ ಆಕಸ್ಮಿಕ; ಆದರೆ ಆ ಸಂಘದ ಅಭಿಮಾನಿಗಳು ಇದನ್ನು ಆಕಸ್ಮಿಕವೆಂದು ಒಪ್ಪಿಕೊಳ್ಳುವುದು ಕಷ್ಟ.

ಈ ಸಂಘದ ಕೀರ್ತಿಗೆ ಮುಖ್ಯವಾದ ಆಧಾರ ೧೯೧೧ನೆಯ ಜುಲೈ ೨೯ರ ಪಂದ್ಯ. ಅಂದು ಐ.ಎಫ್.ಎ. ಷೀಲ್ಡಿನ ಅಂತಿಮ ಪಂದ್ಯದಲ್ಲಿ ಮೋಹನ ಬಾಗಾನ್ ತಂಡ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ದಳವನ್ನು ೨–೧ ಗೋಲುಗಳಿಂದ ಸೋಲಿಸಿತು. ಎದುರಾಳಿಗಳು ಮೊದಲು ಒಂದು ಗೋಲು ಹೊಡೆದರು; ನಾಯಕ ಶಿವದಾಸ ಭಾದುರಿ ಅದನ್ನು ಸರಿಗಟ್ಟಿದರು; ಅಭಿಲಾಷ ಘೋಷರು ಗೆಲುವಿನ ಗೋಲನ್ನು ಹೊಡೆದರು. ಸುಧೀರ ಚಟರ್ಜಿಯವರೊಬ್ಬರನ್ನುಳಿದು ಮಿಕ್ಕ ಹತ್ತು ಮಂದಿಯೂ ಬರಿಗಾಲಿನಲ್ಲಿ ಆಡಿದರು. ಮೈದಾನದ ಬಳಿಗೆ ಬರಲಾಗದೆ ದೂರ ನಿಂತ ಜನರಿಗೆ ಗಾಳಿಪಟಗಳನ್ನು ಹಾರಿಸಿ ಗೋಲುಗಳ ಎಣಿಕೆಯನ್ನು ತಿಳಿಸಲಾಯಿತು. ೧೯೦೫ರ ವಂಗಭಂಗದ ನೋವು ಇನ್ನೂ ಆರಿರದ ಕಾಲವದು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ದರ್ಬಾರಿನಲ್ಲಿ ವಿಭಜನೆಯ ರದ್ದತಿಯೂ, ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ವರ್ಗಾಯಿಸುವ ನಿರ್ಣಯವೂ ಪ್ರಕಟವಾದುವು. ಆಟದ ಗೆಲುವಿಗೂ ಈ ನಿರ್ಣಯಗಳಿಗೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವ ಉತ್ಸಾಹಿಗಳಿದ್ದಾರೆ. ನಾವು ಅವರ ಸಾಲಿಗೆ ಸೇರಲಾರೆವು. ಆದರೆ ಆ ಗೆಲುವನ್ನು ಇಡೀ ಬಂಗಾಳ ತನ್ನದೆಂದು ಭಾವಿಸಿತು ಎಂಬುದು ನಿಶ್ಚಯ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅಂದು ಆಡಿದವರಲ್ಲಿ ಪೂರ್ವಬಂಗಾಳದ ಮೂಲದವರು ಹಲವರಿದ್ದರು. ನಾಯಕ ಭಾದುರಿಯವರೇ ಫರೀದಪುರದ ಕಡೆಯವರು. ೧೯೧೧ರಲ್ಲಿ ಮೋಹನ ಬಾಗಾನ್ ಘೋಟಿಗಳ ಸಂಘವಾಗಿರಲಿಲ್ಲ. ಅದು ಬಂಗಾಳಿಗಳ ಸಂಘ. ಎದುರಿಗಿದ್ದವರು ಆಳುವ ಬಿಳಿಯರು.

ಹಾಗಾದರೆ ಎರಡನೆಯ ಸಂಘದ ಅವಶ್ಯಕತೆ ಏಕೆ ಉಂಟಾಯಿತು? ಪರಂಪರೆಯಾಗಿ ಹೇಳಿಕೊಂಡು ಬಂದಿರುವ ಕಥೆ ಹೀಗಿದೆ. ೧೯೨೦ನೆಯ ಜುಲೈ ೨೮ರಂದು ಕೂಚ್ ಬಿಹಾರ್ ಕಪ್ಪಿನ ಪಂದ್ಯದಲ್ಲಿ ಮೋಹನ ಬಾಗಾನಿಗೆ ಎದುರಾಗಿ ಜೋಡಾಬಾಗಾನ್ ಎಂಬ ಸಂಘ ಆಡಬೇಕಾಗಿದ್ದಿತು. ಜೋಡಾಬಾಗಾನಿನ ರಕ್ಷಣೆಯ ಆಟಗಾರನಾದ ಶೈಲೇಶ ಬಸು ಎಂಬುವನನ್ನು, ಕಾರಣವನ್ನು ಹೇಳದೆ, ತಂಡದಿಂದ ಹೊರಗಿಡಲಾಯಿತು. ಆತ ಪೂರ್ವಬಂಗಾಳದವನು. ಸಂಘದ ಉಪಾಧ್ಯಕ್ಷರಾಗಿದ್ದ ಸುರೇಶಚಂದ್ರ ಚೌಧುರಿಯವರೂ ಆ ಕಡೆಯವರೇ. ಅವರು ಬಸುವನ್ನು ಆಡಿಸಬೇಕೆಂದು ಕೇಳಿದರು; ಮಾತು ನಡೆಯಲಿಲ್ಲ; ಸಂಘವನ್ನು ಬಿಟ್ಟು ಹೊರನಡೆದರು. ನಾಲ್ಕು ದಿನಗಳೊಳಗಾಗಿ, ಆಗಸ್ಟ್ ೧ರಂದು, ಈಸ್ಟ್ ಬೆಂಗಾಲ್ ಸಂಘ ಸ್ಥಾಪಿತವಾಯಿತು. ಬಂಗಾಳದ ಕ್ರಿಕೆಟ್ ಆಟಕ್ಕೆ ತಂದೆಯಂತಿದ್ದ ಶಾರದಾರಂಜನ ರಾಯ್ ಅವರು ಅದರ ಮೊದಲ ಅಧ್ಯಕ್ಷರಾದರು.

ಈ ಕಥೆಯಲ್ಲಿ ಎರಡು ವಿಶೇಷಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅವಮಾನವಾದುದು ಜೋಡಾಬಾಗಾನಿನಲ್ಲಿ, ಮೋಹನ ಬಾಗಾನಿನಲ್ಲಲ್ಲ. ಮೋಹನ ಬಾಗಾನ್ ಅಂದು ಕೇವಲ ಎದುರಾಳಿ. ಕಾಲಕ್ರಮದಲ್ಲಿ ಜೋಡಾಬಾಗಾನ್ ಜನರ ನೆನಪಿನಿಂದ ಮಾಸಿಹೋಗಿ, ಅದರ ಮೇಲಿನ ಮುನಿಸು ಆ ದಿನದ ಎದುರಾಳಿಯ ಮೇಲೆ ವರ್ಗವಾದುದು ಸ್ವಾರಸ್ಯದ ಸಂಗತಿ. ಎರಡನೆಯದಾಗಿ, ಹೊಸ ಸಂಘವನ್ನು ಕಟ್ಟಿದವರು ನಿರ್ಗತಿಕರಾಗಲಿ ಪರದೇಶಿಗಳಾಗಲಿ ಅಲ್ಲ. ಅವರು ಜಮೀನ್ದಾರರು, ಉದ್ಯಮಿಗಳು, ಕಲ್ಕತ್ತೆಯಲ್ಲಿ ನೆಲೆಗೊಂಡ ಗಣ್ಯರು. ಅವರಿಗೆ ಬೇಕಾಗಿದ್ದುದು ಆಶ್ರಯವಲ್ಲ, ಸಮಾನವಾದ ಮರ್ಯಾದೆ. ತಾವು ಹುಟ್ಟಿದ ಸೀಮೆಯ ಹೆಸರನ್ನು ಸಂಘಕ್ಕೆ ಇಟ್ಟುದು ಆ ಮರ್ಯಾದೆಯ ಪ್ರಶ್ನೆಯಿಂದಲೇ. ಪೂರ್ವಬಂಗಾಳ ಎಂಬುದು ಆಗ ದೂರದ ನೆನಪಲ್ಲ. ಸಿಯಾಲ್ದಾ ನಿಲ್ದಾಣದಲ್ಲಿ ರೈಲನ್ನು ಹತ್ತಿ, ಮುಂದೆ ಹೊಗೆಹಡಗನ್ನು ಹಿಡಿದರೆ ತಲಪುವ ಊರು. ಪೂಜೆಯ ರಜೆಗೆ ಹೋಗಿ ಬರುವ ಮನೆ.

ಎರಡು ಸಂಘಗಳು ಮೊದಲು ಎದುರುಬದುರಾದುದು ೧೯೨೧ನೆಯ ಆಗಸ್ಟ್ ೮ರಂದು, ಅದೇ ಕೂಚ್ ಬಿಹಾರ್ ಕಪ್ಪಿನಲ್ಲಿ. ಗೋಲುಗಳಾಗಲಿಲ್ಲ. ನಿಜವಾದ ಸ್ಪರ್ಧೆ ಮೊದಲಾದುದು ೧೯೨೫ರಲ್ಲಿ. ಕಲ್ಕತ್ತೆಯ ಪ್ರಥಮ ದರ್ಜೆಯ ಲೀಗಿನಲ್ಲಿ ಭಾರತೀಯ ಸಂಘಗಳು ಎರಡಕ್ಕೆ ಮೀರಬಾರದೆಂಬ ನಿಯಮವಿದ್ದಿತು. ಆ ಎರಡು ಸ್ಥಾನಗಳು ಮೋಹನ ಬಾಗಾನ್ ಮತ್ತು ಆರ್ಯನ್ಸ್ ಸಂಘಗಳ ಪಾಲಾಗಿದ್ದುವು. ಎರಡನೆಯ ದರ್ಜೆಯಲ್ಲಿ ಮೇಲಿನ ಸ್ಥಾನವನ್ನು ಪಡೆದ ಈಸ್ಟ್ ಬೆಂಗಾಲ್ ಸಂಘಕ್ಕೆ ಈ ನಿಯಮ ಅಡ್ಡವಾಯಿತು. ವಿವಾದವಾದ ಮೇಲೆ ನಿಯಮವನ್ನು ತೆಗೆದುಹಾಕಲಾಯಿತು. ಬ್ರಿಟಿಷ್ ಸಂಘಗಳಲ್ಲಿ ಹೆಚ್ಚಿನವು ಇದಕ್ಕೆ ಸಮ್ಮತಿಸಿದುವು, ವಿರೋಧಿಸಿದವು ಒಳಗಿದ್ದ ಭಾರತೀಯ ಸಂಘಗಳೇ ಎಂದು ಈಸ್ಟ್ ಬೆಂಗಾಲ್ ಕಡೆಯವರು ಇಂದಿಗೂ ಹೇಳುತ್ತಾರೆ. ಪಾಲು ಕಿರಿದಾದಾಗ ಪಾಲುಗಾರರು ಪರಸ್ಪರ ಶಂಕಿಸುವುದು ವಸಾಹತು ಆಳ್ವಿಕೆಯಲ್ಲಿ ಅನೇಕ ಕಡೆ ಕಾಣಬರುವ ಸಂಗತಿ. ಆಟದ ಮೈದಾನ ಅದಕ್ಕೆ ಹೊರತಾಗಿರಲಿಲ್ಲ. ೧೯೨೫ನೆಯ ಮೇ ೨೮ರಂದು ಲೀಗಿನಲ್ಲಿ ಎರಡೂ ತಂಡಗಳು ಮೊದಲ ಸಲ ಸಂಧಿಸಿದಾಗ ನೇಪಾಳ ಚಕ್ರವರ್ತಿಯವರ ಒಂದೇ ಗೋಲಿನಿಂದ ಈಸ್ಟ್ ಬೆಂಗಾಲ್ ಗೆದ್ದಿತು.

ಇಷ್ಟಾದರೂ ೧೯೩೦ರ ದಶಕದಲ್ಲಿ ಕಲ್ಕತ್ತೆಯ ಕಾಲ್ಚೆಂಡಾಟದ ಮುಖ್ಯ ಕಥೆ ಈ ಎರಡು ಸಂಘಗಳದಲ್ಲ. ೧೮೯೧ರಲ್ಲಿ ಸ್ಥಾಪಿತವಾದ ಮೊಹಮ್ಮಡನ್ ಸ್ಪೋರ್ಟಿಂಗ್ ಸಂಘ ೧೯೩೪ರಿಂದ ೧೯೩೮ರವರೆಗೆ ಸತತವಾಗಿ ಐದು ಬಾರಿ ಲೀಗನ್ನು ಗೆದ್ದಿತು. ಆ ಲೀಗನ್ನು ಗೆದ್ದ ಮೊದಲ ಭಾರತೀಯ ಸಂಘವೂ ಅದೇ. ಮೋಹನ ಬಾಗಾನಿಗೆ ಲೀಗು ದೊರೆತುದು ೧೯೩೯ರಲ್ಲಿ. ಈಸ್ಟ್ ಬೆಂಗಾಲಿಗೆ ೧೯೪೨ರಲ್ಲಿ. ಆ ವರ್ಷಗಳ ಮೈದಾನದಲ್ಲಿ ಹಿಂದೂ ಮುಸ್ಲಿಂ ಭೇದ ಎದ್ದುಕಂಡಷ್ಟು ಪೂರ್ವ ಪಶ್ಚಿಮಗಳ ಭೇದ ಎದ್ದುಕಾಣುತ್ತಿರಲಿಲ್ಲ. ಮೊಹಮ್ಮಡನ್ ಸಂಘದ ಚರಿತ್ರೆ ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದುದರಿಂದ ಇಲ್ಲಿ ಇಷ್ಟಕ್ಕೆ ಬಿಡುತ್ತೇವೆ.

೧೯೪೭ರಲ್ಲಿ ದೇಶ ವಿಭಜನೆಯಾಯಿತು. ಪೂರ್ವಬಂಗಾಳ ಪಾಕಿಸ್ತಾನಕ್ಕೆ ಸೇರಿತು. ನಮ್ಮ ವಿಷಯದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಘಟನೆ ಇನ್ನೊಂದಿಲ್ಲ. ಪಂಜಾಬಿನಲ್ಲಿ ಜನರ ಸ್ಥಳಾಂತರ ಒಮ್ಮೆಗೇ ನಡೆದು ಮುಗಿಯಿತು. ಬಂಗಾಳದಲ್ಲಿ ಅದು ವರ್ಷಗಳ ಕಾಲ ಅಲೆ ಅಲೆಯಾಗಿ ನಡೆಯಿತು. ೧೯೫೦ರ ಗಲಭೆಗಳ ತರುವಾಯ ಬಂದವರ ಸಂಖ್ಯೆ ಬಹಳ. ೧೯೫೧ರ ಜನಗಣತಿಯ ವೇಳೆಗೆ ಪಶ್ಚಿಮ ಬಂಗಾಳದಲ್ಲಿ ಸುಮಾರು ೨೧ ಲಕ್ಷ ನಿರಾಶ್ರಿತರಿದ್ದರು. ಸಿಯಾಲ್ದಾ ನಿಲ್ದಾಣದ ಕಟ್ಟೆಯ ಮೇಲೆಯೇ ಸಂಸಾರಗಳು ತಿಂಗಳುಗಟ್ಟಲೆ ಬಿಡಾರ ಮಾಡಿದುವು. ನಗರದ ದಕ್ಷಿಣಕ್ಕೆ ಜಾದವಪುರದ ಸುತ್ತಮುತ್ತ ಬಿದ್ದಿದ್ದ ಖಾಲಿ ನೆಲವನ್ನೂ, ಯುದ್ಧಕಾಲದಲ್ಲಿ ಸೇನೆ ಬಿಟ್ಟುಹೋದ ಬಿಡಾರಗಳನ್ನೂ ಜನ ತಾವಾಗಿ ಆಕ್ರಮಿಸಿ, ಬಿದಿರಿನ ತಟ್ಟಿಗಳಿಂದ ಮನೆಗಳನ್ನು ಕಟ್ಟಿಕೊಂಡರು. ಅವುಗಳಿಗೆ ಅವರು ಇಟ್ಟುಕೊಂಡ ಹೆಸರುಗಳಲ್ಲಿಯೇ ಅವರ ಮನಸ್ಸನ್ನು ಓದಬಹುದು: ವಿಜಯಗಢ, ಆಜಾದಗಢ, ನೇತಾಜಿನಗರ. ನೆಲದ ಒಡೆಯರಿಗೂ ಸರ್ಕಾರಕ್ಕೂ ಇವರು ಅತಿಕ್ರಮಣಕಾರರು. ನೆರೆಯವರಿಗೆ ಇವರು ಬಾಂಗಾಲ್‌ಗಳು.

ಊರನ್ನೂ ಮನೆಯನ್ನೂ ಬಿಟ್ಟು ಬಂದ ಇವರಿಗೆ, ತಮಗಿಂತ ಇಪ್ಪತ್ತೇಳು ವರ್ಷ ಮುಂಚೆಯೇ ಬಂದು ನೆಲೆಗೊಂಡ ವಸ್ತುವೊಂದು ಆ ನಗರದಲ್ಲಿ ಸಿಕ್ಕಿತು. ಅದು ಮೈದಾನದ ಅಂಚಿನಲ್ಲಿದ್ದ ಒಂದು ಆಟದ ಸಂಘ. ಅದರ ಹೆಸರು ಇವರು ಕಳೆದುಕೊಂಡ ದೇಶದ ಹೆಸರು. ೧೯೨೦ರ ಗಣ್ಯರು ತಮ್ಮ ಮರ್ಯಾದೆಗಾಗಿ ಕಟ್ಟಿದ ಸಂಘ ಈ ರೀತಿಯಲ್ಲಿ, ಅವರು ಎಣಿಸದೆಯೇ, ನಿರಾಶ್ರಿತರ ಆಸ್ತಿಯಾಯಿತು. ಅದಕ್ಕೆ ಅದೃಷ್ಟವೂ ಕೂಡಿಬಂದಿತು. ೧೯೪೯ರಲ್ಲಿ ಈಸ್ಟ್ ಬೆಂಗಾಲ್ ಲೀಗು, ಷೀಲ್ಡು, ಮುಂಬಯಿಯ ರೋವರ್ಸ್ ಕಪ್ಪು ಮೂರನ್ನೂ ಗೆದ್ದಿತು. ಷೀಲ್ಡನ್ನು ೧೯೫೦ ಮತ್ತು ೧೯೫೧ರಲ್ಲಿಯೂ ಉಳಿಸಿಕೊಂಡಿತು. ದೆಹಲಿಯ ಡ್ಯೂರಾಂಡ್ ಕಪ್ಪು ೧೯೫೧ ಮತ್ತು ೧೯೫೨ರಲ್ಲಿ ಅದರದಾಯಿತು. ನಿರಾಶ್ರಿತರ ಪ್ರವಾಹ ಮೇರೆ ಮೀರಿದ ವರ್ಷಗಳೂ ಸಂಘ ಅಜೇಯವಾದ ವರ್ಷಗಳೂ ಒಂದೇ ಆದುವು. ಹಗಲೆಲ್ಲ ಪಡಿಚೀಟಿಗಾಗಿ, ಕೆಲಸಕ್ಕಾಗಿ, ಶಾಲೆಯಲ್ಲಿ ಮಗುವಿಗೊಂದು ಜಾಗಕ್ಕಾಗಿ ಸಾಲಿನಲ್ಲಿ ನಿಂತು ಸೋತ ಮನುಷ್ಯ ಸಂಜೆ ಮೈದಾನದಲ್ಲಿ ಗೆದ್ದವರ ಪಕ್ಷದವನಾಗಿ ನಿಲ್ಲುವುದು ಅಲ್ಪವಾದ ಸಮಾಧಾನವಲ್ಲ. ಮತ್ತು ಅವನು ಗೆದ್ದುದು ಆ ನಗರದ ಹಳೆಯ, ಅತ್ಯಂತ ಮಾನ್ಯವಾದ ಸಂಘದ ಮೇಲೆ. ಈ ಸ್ಪರ್ಧೆಯಿಲ್ಲದಿದ್ದರೆ ಅವನಿಗೆ ಕಲ್ಕತ್ತೆಯೊಡನೆ ಸಂಬಂಧ ಕುದುರುವುದು ಇನ್ನಷ್ಟು ತಡವಾಗುತ್ತಿದ್ದಿತೆಂದು ನಮಗೆ ತೋರುತ್ತದೆ. ಜಗಳವಾಡುವುದಕ್ಕೂ ಒಂದೇ ಅಂಗಳದಲ್ಲಿ ನಿಲ್ಲಬೇಕಷ್ಟೆ.

ಮೋಹನ ಬಾಗಾನ್ ಕಡೆಯವರ ಮನಸ್ಸನ್ನೂ ತಿಳಿಯಬೇಕು. ಅವರ ನಗರ ಕಣ್ಣೆದುರಿಗೇ ಬದಲಾಗುತ್ತಿದ್ದಿತು. ಮನೆಬಾಡಿಗೆ ಏರಿತು, ಗುಮಾಸ್ತೆಯ ಕೆಲಸಕ್ಕೆ ಹತ್ತು ಅರ್ಜಿಗಳ ಜಾಗದಲ್ಲಿ ನೂರು ಅರ್ಜಿಗಳು ಬಂದುವು, ಮೀನಿನ ಪೇಟೆಯಲ್ಲಿಯೂ ಮಾತಿನ ಧಾಟಿ ಬದಲಾಯಿತು. ೧೯೧೧ರಲ್ಲಿ ಇಡೀ ಬಂಗಾಳದ ಪ್ರತಿನಿಧಿಯಾಗಿದ್ದ ತಮ್ಮ ಸಂಘ ಈಗ ಅರ್ಧ ನಗರದ ಸಂಘವಾಗಿ ಉಳಿದುದನ್ನು ಅವರು ಕಂಡರು. ಬಂದವರ ದುಃಖದ ಕಥೆ ಸಾಹಿತ್ಯದಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ವಿಪುಲವಾಗಿ ದಾಖಲೆಯಾಗಿದೆ. ಇದ್ದಲ್ಲಿಯೇ ಇದ್ದು ನಗರವನ್ನು ಕಳೆದುಕೊಂಡವರ ಅಸಮಾಧಾನಕ್ಕೆ ಅಷ್ಟು ದಾಖಲೆಯಿಲ್ಲ. ಅದು ಬಹುಪಾಲು ಆಟದ ಗ್ಯಾಲರಿಯ ಕೂಗಿನಲ್ಲಿಯೇ ವ್ಯಕ್ತವಾಯಿತು.

ಇಷ್ಟರಿಂದ ಎರಡು ಸಂಘಗಳೂ ಎರಡು ಕುಲಗಳಾದುವೆಂದು ಭಾವಿಸಿದರೆ ಮತ್ತೆ ತಪ್ಪಾಗುತ್ತದೆ. ಅಭಿಮಾನಿಗಳು ಹುಟ್ಟಿನಿಂದ ವಿಂಗಡವಾದರು. ಆಟಗಾರರು ಹಾಗೆ ವಿಂಗಡವಾಗಲೇ ಇಲ್ಲ. ಮೋಹನ ಬಾಗಾನಿನ ರಕ್ಷಣೆಗೆ ಗೋಡೆಯಂತೆ ನಿಂತು, ೧೯೬೨ರಲ್ಲಿ ಕಾಲ್ಚೆಂಡಾಟಗಾರರಲ್ಲೆಲ್ಲ ಮೊದಲಿಗರಾಗಿ ಪದ್ಮಶ್ರೀ ಪಡೆದ ಗೋಷ್ಠ ಪಾಲ್ ಅವರು ಹುಟ್ಟಿದುದು ಫರೀದಪುರ ಜಿಲ್ಲೆಯಲ್ಲಿ. ಅದೇ ಸಂಘದ ಮತ್ತೊಬ್ಬ ಆರಾಧ್ಯ ವ್ಯಕ್ತಿಯಾದ ಚುನಿ ಗೋಸ್ವಾಮಿಯವರು ಹುಟ್ಟಿದುದು ಕಿಶೋರಗಂಜದಲ್ಲಿ; ಅವರು ತಮ್ಮ ಆಟದ ಜೀವನವನ್ನೆಲ್ಲ ಮೋಹನ ಬಾಗಾನಿನಲ್ಲಿಯೇ ಕಳೆದರು. ಎರಡು ಊರುಗಳೂ ಇಂದು ಬಾಂಗ್ಲಾದೇಶದಲ್ಲಿವೆ. ಲಾಂಛನಗಳ ವಿಷಯದಲ್ಲಿಯೂ ಇಂಥದೇ ವಿನೋದವನ್ನು ಕಾಣಬಹುದು: ನದಿಗಳ ನಾಡಿನಿಂದ ಬಂದವರ ಸಂಘಕ್ಕೆ ಪಂಜು ಲಾಂಛನವಾದರೆ, ಒಣನೆಲದವರೆಂದು ಅವರು ಹಾಸ್ಯಮಾಡುವ ಮೋಹನ ಬಾಗಾನಿನ ಲಾಂಛನ ಹಾಯಿದೋಣಿ!

ಈ ಸಂದರ್ಭದಲ್ಲಿ ಕನ್ನಡ ನಾಡಿನ ಸಂಬಂಧವನ್ನು ಹೇಳುವುದು ಅಪ್ರಸ್ತುತವಾಗಲಾರದು. ೧೯೪೯ರಿಂದ ಕೆಲವು ವರ್ಷಗಳ ಕಾಲ ಈಸ್ಟ್ ಬೆಂಗಾಲಿನ ಮುಂಚೂಣಿಯಲ್ಲಿ ಆಡಿದ ಐವರನ್ನು ಕಲ್ಕತ್ತೆಯ ಜನ ‘ಪಂಚಪಾಂಡವ’ರೆಂದು ಕರೆದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ — ಈ ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಅಪ್ಪಾರಾವ್ ಆಂಧ್ರದವರು, ಸಾಲೆ ಕೇರಳದವರು, ಅಹಮದ್ ಖಾನ್ ನಮ್ಮ ಬೆಂಗಳೂರಿನವರು. ನಿರಾಶ್ರಿತರ ಹೆಮ್ಮೆಯ ದಿಗ್ವಿಜಯಗಳನ್ನು ಅವರಿಗಾಗಿ ಸಾಧಿಸಿದವರು ಪದ್ಮಾನದಿಯ ನೀರನ್ನು ಕುಡಿದವರಲ್ಲ, ದಕ್ಷಿಣದವರು. ಅಹಮದ್ ಖಾನರು ೧೯೪೮ರ ಲಂಡನ್ ಮತ್ತು ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಆಡಿದವರು. ೧೯೫೧ರ ಏಷ್ಯಾ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನು ಪಡೆದ ತಂಡದಲ್ಲಿದ್ದವರು. ಹತ್ತು ವರ್ಷಗಳ ಕಾಲ ಈಸ್ಟ್ ಬೆಂಗಾಲಿನಲ್ಲಿ ಆಡಿ, ೨೦೧೭ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಬೆಂಗಳೂರಿನ ದಂಡು ಪ್ರದೇಶ ಆ ಕಾಲದಲ್ಲಿ ಕಾಲ್ಚೆಂಡಾಟದ ಸಮೃದ್ಧವಾದ ಬೀಡು. ೧೯೩೭ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. ೧೯೪೬ರಲ್ಲಿಯೂ ೧೯೫೨ರಲ್ಲಿಯೂ ಮೈಸೂರು ತಂಡ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಬಂಗಾಳವನ್ನೇ ಸೋಲಿಸಿತು. ಈ ಮೈಸೂರಿನ ಆಟವನ್ನು ಇಂದು ನಮ್ಮಲ್ಲಿ ನೆನೆಯುವವರು ಕಡಮೆ. ಅಹಮದ್ ಖಾನರ ಹೆಸರನ್ನು ಕಲ್ಕತ್ತೆಯ ಹಿರಿಯರು ಹೇಳುವಷ್ಟು ಅಕ್ಕರೆಯಿಂದ ಬೆಂಗಳೂರಿನವರು ಹೇಳುವುದಿಲ್ಲವೆಂಬುದು ವಿಷಾದದ ಸಂಗತಿ.

ಇಂಥ ಸ್ಪರ್ಧೆ ಬೇರೆ ನಗರಗಳಲ್ಲಿಯೂ ಇದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ೧೮೭೨ರಲ್ಲಿ ಹುಟ್ಟಿದ ರೇಂಜರ್ಸ್ ಸಂಘಕ್ಕೂ, ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಬಡವರ ನಡುವೆ ೧೮೮೭ರಲ್ಲಿ ಸ್ಥಾಪಿತವಾದ ಸೆಲ್ಟಿಕ್ ಸಂಘಕ್ಕೂ ನಡೆದುಬಂದಿರುವ ಹಣಾಹಣಿ ಪ್ರಸಿದ್ಧವಾದುದು. ಅಲ್ಲಿಯೂ ಇದ್ದವರು ಮತ್ತು ಬಂದವರು ಎಂಬ ಭೇದವೇ ಮೂಲದಲ್ಲಿದೆ. ಆದರೆ ಅಲ್ಲಿ ಭೇದ ಮತಧರ್ಮದ್ದಾಗಿ, ಆಟಗಾರರವರೆಗೂ ಇಳಿಯಿತು. ರೇಂಜರ್ಸ್ ಸಂಘ ಹೆಸರಾಂತ ಕ್ಯಾಥೊಲಿಕ್ ಆಟಗಾರನೊಬ್ಬನನ್ನು ಬಹಿರಂಗವಾಗಿ ಸೇರಿಸಿಕೊಂಡುದು ೧೯೮೯ರಲ್ಲಿ, ಅದೂ ಅಭಿಮಾನಿಗಳ ಪ್ರತಿಭಟನೆಯ ನಡುವೆ. ಕಲ್ಕತ್ತೆಯಲ್ಲಿ ಆಟಗಾರರು ಪ್ರತಿವರ್ಷವೂ ಈ ಡೇರೆಯಿಂದ ಆ ಡೇರೆಗೆ ದಾಟುತ್ತಿದ್ದರು. (ಮೈದಾನದ ನೆಲ ಸೇನೆಯದು, ಅಲ್ಲಿ ಸ್ಥಿರವಾದ ಕಟ್ಟಡಗಳಿಗೆ ಅವಕಾಶವಿಲ್ಲದ್ದರಿಂದ ಸಂಘಗಳ ಕಚೇರಿಗೆ ‘ಡೇರೆ’ಯೆಂದೇ ಹೆಸರು.) ವರ್ಷದ ಒಪ್ಪಂದಕ್ಕೆ ರುಜು ಹಾಕುವ ದಿನಗಳು ಸಮೀಪಿಸಿದಾಗ, ಎದುರು ಪಕ್ಷದವರ ಕೈಗೆ ಸಿಗದಂತೆ ಆಟಗಾರರನ್ನು ರಹಸ್ಯವಾಗಿ ಬಚ್ಚಿಡುವುದೂ, ಬಚ್ಚಿಟ್ಟವರನ್ನು ಅಪಹರಿಸಿ ತರುವುದೂ ಪತ್ರಿಕೆಗಳಿಗೆ ಒಳ್ಳೆಯ ಸುಗ್ಗಿ. ನಿನ್ನೆಯ ಶತ್ರು ಇಂದು ನಮ್ಮ ಅಂಗಿ ತೊಟ್ಟರೆ ನಮ್ಮವನೇ. ಈ ಒಂದು ಗುಣ ಕಲ್ಕತ್ತೆಯ ಸ್ಪರ್ಧೆಯನ್ನು ವಿಷವಾಗದಂತೆ ಬಹುಕಾಲ ಕಾಪಾಡಿತು.

ಬಹುಕಾಲ ಎಂದೆವು, ಸದಾಕಾಲವಲ್ಲ. ೧೯೭೦ರಿಂದ ೧೯೭೫ರವರೆಗೆ ಈಸ್ಟ್ ಬೆಂಗಾಲ್ ಸತತವಾಗಿ ಆರು ಸಲ ಲೀಗನ್ನು ಗೆದ್ದಿತು. ೧೯೭೫ನೆಯ ಸೆಪ್ಟೆಂಬರ್ ೩೦ರಂದು ಷೀಲ್ಡಿನ ಅಂತಿಮ ಪಂದ್ಯದಲ್ಲಿ ಮೋಹನ ಬಾಗಾನನ್ನು ೫–೦ ಗೋಲುಗಳಿಂದ ಸೋಲಿಸಿತು. ಆ ಸೋಲನ್ನು ತಾಳಲಾರದೆ ಮೋಹನ ಬಾಗಾನಿನ ಅಭಿಮಾನಿಯಾದ ತರುಣನೊಬ್ಬ ಪ್ರಾಣವನ್ನೇ ಕಳೆದುಕೊಂಡ. ಮರುವರ್ಷ ಲೀಗಿನಲ್ಲಿ ಆಟ ಮೊದಲಾಗಿ ಅರ್ಧ ನಿಮಿಷವೂ ಆಗುವ ಮೊದಲೇ ಅಕ್ಬರ್ ಅವರು ಹೊಡೆದ ಗೋಲಿನಿಂದ ಮೋಹನ ಬಾಗಾನ್ ಸೇಡು ತೀರಿಸಿಕೊಂಡಿತು. ಉದ್ಯಮಗಳು ಮುಚ್ಚುತ್ತಿದ್ದ, ವಿದ್ಯಾವಂತ ಯುವಕರಿಗೆ ಕೆಲಸವಿಲ್ಲದ, ರಾಜಕೀಯ ಹತ್ಯೆಗಳನ್ನು ಕಂಡ ದಶಕವದು. ಬೇರೆಲ್ಲಿಯೂ ಗೆಲ್ಲುವ ಆಸೆಯಿಲ್ಲದವರು ಇಲ್ಲಿ ಸೋಲನ್ನು ಸಹಿಸದಾದರು.

೧೯೮೦ನೆಯ ಆಗಸ್ಟ್ ೧೬ರಂದು ಈಡನ್ ಗಾರ್ಡನ್ಸ್‌ನಲ್ಲಿ ಎರಡು ತಂಡಗಳಿಗೂ ಲೀಗಿನ ಪಂದ್ಯ. ಗ್ಯಾಲರಿಯ ಒಂದು ಭಾಗದಲ್ಲಿ ಎರಡು ಪಕ್ಷದ ಅಭಿಮಾನಿಗಳೂ ಬೆರೆತು ಕುಳಿತಿದ್ದರು. ಮೈದಾನದಲ್ಲಿ ಇಬ್ಬರು ಆಟಗಾರರ ನಡುವೆ ಘರ್ಷಣೆಯಾಯಿತು; ಅದು ಗ್ಯಾಲರಿಗೆ ಹಬ್ಬಿತು; ಕಲ್ಲು ತೂರಾಟವಾಗಿ ಜನ ಇಕ್ಕಟ್ಟಾದ ಮೆಟ್ಟಿಲುಗಳ ಕಡೆಗೆ ನುಗ್ಗಿದರು. ೧೬ ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹರೆಯದವರು. ಅವರ ಮನೆಯವರಿಗೆ, ಯಾವ ಸಂಘ ಗೆದ್ದಿತೆಂಬುದರಿಂದ ಆಗಬೇಕಾದುದೇನೂ ಇರಲಿಲ್ಲ. ಕಲ್ಕತ್ತೆಯ ಚರಿತ್ರೆಯನ್ನು ಬಲ್ಲವರಿಗೆ ಆಗಸ್ಟ್ ೧೬ ಎಂಬ ದಿನಾಂಕ ೧೯೪೬ರ ಘೋರ ಗಲಭೆಗಳನ್ನು ನೆನಪಿಗೆ ತರುತ್ತದೆ. ಆದರೆ ಎರಡಕ್ಕೂ ದಿನಾಂಕದ ಹೊರತು ಬೇರೆ ಸಂಬಂಧವಿಲ್ಲ. ೧೯೮೦ರ ಸಾವುಗಳಿಗೆ ಘೋಟಿ ಬಾಂಗಾಲ್‌ಗಳ ದ್ವೇಷಕ್ಕಿಂತ ಕೆಟ್ಟ ವ್ಯವಸ್ಥೆಯೇ ಹೆಚ್ಚಿನ ಕಾರಣವೆಂದು ನಾವು ತಿಳಿಯುತ್ತೇವೆ. ಆಮೇಲೆ ಅಭಿಮಾನಿಗಳನ್ನು ಬೇರೆಬೇರೆ ಗ್ಯಾ‌ಲರಿಗಳಲ್ಲಿ ಕೂರಿಸುವ ಪದ್ಧತಿ ಬಿಗಿಯಾಯಿತು. ಆ ದಿನವನ್ನು ಈಗ ಕಲ್ಕತ್ತೆಯಲ್ಲಿ ರಕ್ತದಾನ ಮಾಡಿ ಸ್ಮರಿಸುತ್ತಾರೆ.

೧೯೮೪ರಲ್ಲಿ ನಗರದ ಪೂರ್ವಕ್ಕೆ ಸಾಲ್ಟ್ ಲೇಕಿನಲ್ಲಿ ಬೃಹತ್ತಾದ ಕ್ರೀಡಾಂಗಣ ಸಿದ್ಧವಾದ ಮೇಲೆ ದೊಡ್ಡ ಪಂದ್ಯಗಳು ಅಲ್ಲಿ ನಡೆಯತೊಡಗಿದುವು. ೧೯೯೭ನೆಯ ಜುಲೈ ೧೩ರಂದು ಫೆಡರೇಷನ್ ಕಪ್ಪಿನ ಉಪಾಂತ್ಯ ಪಂದ್ಯವನ್ನು ನೋಡಲು ೧,೩೧,೦೦೦ಕ್ಕೂ ಮಿಕ್ಕಿ ಜನ ಸೇರಿದ್ದರು. ಮೋಹನ ಬಾಗಾನಿನ ಶಿಕ್ಷಕ ಅಮಲ್ ದತ್ತರ ಹೊಸ ವ್ಯೂಹವನ್ನು ಕುರಿತು ತಿಂಗಳುಗಟ್ಟಲೆ ಚರ್ಚೆ ನಡೆದಿದ್ದಿತು. ಪಿ. ಕೆ. ಬ್ಯಾನರ್ಜಿಯವರು ಶಿಕ್ಷಕರಾಗಿದ್ದ ಈಸ್ಟ್ ಬೆಂಗಾಲ್ ೪–೧ ಗೋಲುಗಳಿಂದ ಗೆದ್ದಿತು. ಮೂರು ಗೋಲುಗಳನ್ನು ಹೊಡೆದ ಭೈಚುಂಗ್ ಭುಟಿಯಾ ಅವರು ಸಿಕ್ಕಿಮಿನವರು. ಬಾಂಗಾಲ್‌ಗಳ ವೀರ ಈ ಸಲವೂ ಬಾಂಗಾಲ್ ಅಲ್ಲ.

ಈಸ್ಟ್ ಬೆಂಗಾಲ್ ಎಂಬ ಹೆಸರನ್ನು ಕುರಿತು ಒಂದು ಮಾತು. ೧೯೫೫ರಲ್ಲಿ ಆ ಪ್ರಾಂತಕ್ಕೆ ಪೂರ್ವ ಪಾಕಿಸ್ತಾನವೆಂದು ಹೆಸರಾಯಿತು. ೧೯೭೧ರಲ್ಲಿ ಅದು ಬಾಂಗ್ಲಾದೇಶವಾಯಿತು. ಅಂದಮೇಲೆ ೧೯೫೫ರಿಂದ ಈಚೆಗೆ ಪೂರ್ವಬಂಗಾಳ ಎಂಬ ಹೆಸರಿನ ಪ್ರಾಂತ ಯಾವ ಭೂಪಟದಲ್ಲಿಯೂ ಇಲ್ಲ. ಅದು ದಿನವೂ ಬಾಯಿಂದ ಬಾಯಿಗೆ ನಡೆಯುವುದು ಈ ಸಂಘದ ಹೆಸರಾಗಿ. ೧೯೭೧ರ ವಿಮೋಚನೆಯ ಯುದ್ಧಕಾಲದಲ್ಲಿ ಅಲ್ಲಿಂದ ಬಂದ ಆಟಗಾರರು ‘ಸ್ವಾಧೀನ ಬಾಂಗ್ಲಾ’ ಎಂಬ ತಂಡವನ್ನು ಕಟ್ಟಿ ಭಾರತದಲ್ಲೆಲ್ಲ ಆಡಿ ಹಣ ಕೂಡಿಸಿದರು. ಇನ್ನೂ ಮಾನ್ಯತೆ ಪಡೆಯದ ದೇಶದ ತಂಡದೊಡನೆ ಅಧಿಕೃತ ಸಂಘವೊಂದು ಆಡಲು ನಿಯಮವು ಅಡ್ಡಬರುತ್ತಿದ್ದಿತು. ಆ ಆಗಸ್ಟ್ ತಿಂಗಳಲ್ಲಿ ಮೋಹನ ಬಾಗಾನ್ ತನ್ನ ಹೆಸರನ್ನು ಬದಿಗಿಟ್ಟು, ‘ಗೋಷ್ಠ ಪಾಲ್ ತಂಡ’ವೆಂಬ ಹೆಸರಿನಿಂದ ಅವರೊಡನೆ ಕಲ್ಕತ್ತೆಯಲ್ಲಿ ಆಡಿತು. ಘೋಟಿಗಳ ಸಂಘ, ಪೂರ್ವಬಂಗಾಳದಲ್ಲಿ ಹುಟ್ಟಿದವರ ಹೆಸರನ್ನು ಹೊತ್ತು, ಪೂರ್ವಬಂಗಾಳದ ಸ್ವಾತಂತ್ರ್ಯಕ್ಕಾಗಿ ಆಡಿದ ಈ ಪಂದ್ಯಕ್ಕೆ ಸಿಗಬೇಕಾದಷ್ಟು ಪ್ರಾಶಸ್ತ್ಯ ಸಿಕ್ಕಿಲ್ಲ.

ಇಂದು ಗ್ಯಾಲರಿಯಲ್ಲಿ ಕೂಗುವವರು ವಿಭಜನೆಯನ್ನು ಕಂಡವರ ಮೊಮ್ಮಕ್ಕಳು, ಮರಿಮಕ್ಕಳು. ಅವರಲ್ಲಿ ಹೆಚ್ಚಿನವರು ಢಾಕಾವನ್ನು ನೋಡಿಲ್ಲ. ಘೋಟಿ ಬಾಂಗಾಲ್‌ಗಳ ನಡುವೆ ಮದುವೆಗಳು ಸಾಮಾನ್ಯವಾಗಿವೆ; ಒಂದೇ ಮನೆಯಲ್ಲಿ ಎರಡು ಪಕ್ಷಗಳಿರುವುದೂ ಉಂಟು. ಮಾತಿನ ಭೇದ ಅಳಿಸಿದೆ, ಅಡುಗೆಯ ಭೇದ ಸಡಿಲವಾಗಿದೆ, ಉಳಿದಿರುವುದು ಸಂಘ. ಇದು ಎಷ್ಟು ಗಟ್ಟಿಯೆಂಬುದು ೨೦೨೦ರಲ್ಲಿ ಗೊತ್ತಾಯಿತು. ಆ ವರ್ಷ ಎರಡು ಸಂಘಗಳೂ ಬಂಡವಾಳಗಾರರ ಕೈಹಿಡಿದು ಇಂಡಿಯನ್ ಸೂಪರ್ ಲೀಗಿಗೆ ಸೇರಿದುವು. ಮೋಹನ ಬಾಗಾನಿನ ಹೆಸರಿನ ಮುಂದೆ ಎ.ಟಿ.ಕೆ. ಎಂಬ ಬೇರೊಂದು ತಂಡದ ಹೆಸರು ಬಂದು ಕೂತಿತು. ನವೆಂಬರ್ ೨೭ರಂದು ಆ ಲೀಗಿನ ಅವರ ಮೊದಲ ಮುಖಾಮುಖಿ ಸಾಂಕ್ರಾಮಿಕದ ಕಾರಣದಿಂದ ಗೋವೆಯಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದ ಕ್ರೀಡಾಂಗಣದಲ್ಲಿ ನಡೆಯಿತು. ತಂಡ ಗೆದ್ದರೂ ಮೋಹನ ಬಾಗಾನಿನ ಅಭಿಮಾನಿಗಳು ಹೆಸರಿನ ವಿರುದ್ಧ ವರ್ಷಗಟ್ಟಲೆ ಪ್ರತಿಭಟಿಸಿದರು. ೨೦೨೩ರಲ್ಲಿ ಆ ಮೂರಕ್ಷರಗಳನ್ನು ತೆಗೆಯಲಾಯಿತು. ಗೆಲುವಿಗಿಂತ ಹೆಸರು ದೊಡ್ಡದೆಂದು ಬಗೆದ ಈ ಹಟವನ್ನು ಎದುರು ಪಕ್ಷದವರು ಬಹಿರಂಗವಾಗಿ ಹಾಸ್ಯಮಾಡಿದರೂ, ಅದರ ಅರ್ಥ ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ತಿಳಿದಿರಲಾರದು.

೨೦೨೪ನೆಯ ಆಗಸ್ಟ್ ೯ರಂದು ಕಲ್ಕತ್ತೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ತರುಣ ವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆದು ಅವರ ಹತ್ಯೆಯಾಯಿತು. ನಗರವೆಲ್ಲ ಬೀದಿಗಿಳಿದಿದ್ದಿತು. ಆಗಸ್ಟ್ ೧೮ರಂದು ಡ್ಯೂರಾಂಡ್ ಕಪ್ಪಿನಲ್ಲಿ ನಡೆಯಬೇಕಾಗಿದ್ದ ಎರಡು ಸಂಘಗಳ ಪಂದ್ಯವನ್ನು ಬಂದೋಬಸ್ತಿನ ಕಾರಣದಿಂದ ರದ್ದುಮಾಡಲಾಯಿತು. ಪಂದ್ಯವಿಲ್ಲದ ಆ ಸಂಜೆ ಮೋಹನ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಮೂರು ಸಂಘಗಳ ಅಭಿಮಾನಿಗಳೂ ತಮ್ಮ ತಮ್ಮ ಅಂಗಿಗಳನ್ನು ತೊಟ್ಟು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿ ನ್ಯಾಯಕ್ಕಾಗಿ ಕೂಗಿದರು. ಎರಡು ಗ್ಯಾಲರಿಗಳ ಧ್ವನಿ ಒಂದೇ ಎಂಬುದು ಅವರ ಘೋಷಣೆಯ ಸಾರ. ಪೊಲೀಸರು ಲಾಠಿ ಬೀಸಿದರು. ಒಂದು ಸಂಘದ ಅಂಗಿ ತೊಟ್ಟವನ ಹೆಗಲ ಮೇಲೆ ಇನ್ನೊಂದು ಸಂಘದ ಅಂಗಿ ತೊಟ್ಟವನು ಕುಳಿತ ಚಿತ್ರ ಮರುದಿನ ದೇಶದೆಲ್ಲೆಡೆ ಹರಡಿತು. ಅದೇ ವರ್ಷದ ಅಕ್ಟೋಬರ್ ೧೯ರಂದು ಲೀಗಿನ ಪಂದ್ಯದಲ್ಲಿ ಎರಡು ತಂಡಗಳು ಅದೇ ಕ್ರೀಡಾಂಗಣದಲ್ಲಿ ಸಂಧಿಸಿದುವು. ಗ್ಯಾಲರಿಗಳು ಎಂದಿನಂತೆ ಬೇರೆಬೇರೆಯಾಗಿದ್ದುವು. ಮೋಹನ ಬಾಗಾನ್ ೨–೦ ಗೋಲುಗಳಿಂದ ಗೆದ್ದಿತು.